ಕುಕ್ಕರ್ ತಲೆಯ ನಾನು

ಆ ಬೊಂಬೆ ನಾನೇ ಎಂದು ಮೊದಲು ಕಂಡುಹಿಡಿದವನು ನನ್ನ ಮಗ. ಶಾಲೆ ಬಸ್ಸಿನಿಂದ ಇಳಿದವನೇ "ಅಮ್ಮಾ, ಇಟ್ಸ್ ಯು!" ಎಂದು ಕುಣಿದ. ಬಸ್ಸಿನ ಮಕ್ಕಳೆಲ್ಲ ಕಿಟಕಿಗೆ ಅಂಟಿಕೊಂಡು ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿ ನಕ್ಕರು.

ಗಂಡನಿಗೆ ಒಮಾನಿನ ಸೊಹಾರ್‌ನಿಂದ ಮರುಭೂಮಿಯೊಳಗಿನ ಈ ಪಂಪಿಂಗ್ ಸ್ಟೇಷನ್ನಿಗೆ ವರ್ಗವಾಗಿತ್ತು. ಇಲ್ಲಿರುವುದು ನಾಲ್ಕಾರು ಮನೆ, ಆಡು, ಒಂಟೆ, ಮತ್ತೆ ಹಳೇ ಟೈರು ಸೈಲೆನ್ಸರುಗಳಿಂದ ಬೊಂಬೆ ಮಾಡಿ ರಸ್ತೆ ಬದಿಗೆ ನಿಲ್ಲಿಸುವ ಒಬ್ಬ ಮುದುಕ. ಎಲ್ಲರೂ ಬಾಬಾ ಎನ್ನುತ್ತಾರೆ. ಟೈರಿನ ಒಂಟೆ ಮಾಡಿದ, ಫ್ಯಾನಿನ ರೆಕ್ಕೆಯ ಗಿಡುಗ ಮಾಡಿದ, ಮಾಡಿಕೊಳ್ಳಲಿ. ನನ್ನನ್ನು ಯಾಕೆ ಮಾಡಬೇಕಿತ್ತು?

ಕಾರಣ ನನಗೆ ಗೊತ್ತಿತ್ತು. ಬಸ್ಸು ನಿಲ್ಲುವ ತಿರುವಿನಲ್ಲಿ ಟ್ಯಾಂಕರುಗಳು ಯಮನ ಕೋಣದ ಹಾಗೆ ನುಗ್ಗುತ್ತವೆ. ಒಂದು ದಿನ ರಸ್ತೆ ದಾಟುವಾಗ ಮಗ ಕೂದಲೆಳೆಯಲ್ಲಿ ಪಾರಾದ. ಟ್ಯಾಂಕರ್ ಕಿರುಗುಟ್ಟಿ ನಿಂತಾಗ ನಾನು ಸೆರಗು ಸಿಕ್ಕಿಸಿ, ಒಂದು ಕೈ ಸೊಂಟಕ್ಕಿಟ್ಟು, ಇನ್ನೊಂದನ್ನು ಡ್ರೈವರನ ಕಡೆಗೆ ಚಾಚಿ, ಅಪ್ಪಟ ಮೈಸೂರು ಕನ್ನಡದಲ್ಲಿ ಮಂಗಳಾರತಿ ಎತ್ತಿದ್ದೆ. ಬಾಬಾ ಆಡುಗಳ ಮಧ್ಯೆ ಕೂತು ಎಲ್ಲ ನೋಡಿದ್ದ.

ಮುಂದಿನ ವಾರ ಅದೇ ತಿರುವಿನಲ್ಲಿ ಬೊಂಬೆ ಎದ್ದಿತ್ತು. ನಾನು ಕಸಕ್ಕೆಸೆದ ಕುಕ್ಕರೇ ತಲೆ, ಅದರ ಕರೀ ಹಿಡಿಯೇ ಮೂಗು. ಪೈಪಿನ ಕೈ ಒಂದು ಸೊಂಟದ ಮೇಲೆ, ಇನ್ನೊಂದು ರಸ್ತೆಯ ಕಡೆಗೆ. ಉಡಿಸಿದ್ದ ಹರಕು ಹಸಿರು ಸೀರೆಯೂ ನನ್ನದೇ.

"ತೆಗೆದುಬಿಡಿ ಬಾಬಾ" ಎಂದು ನನ್ನ ಹರಕು ಹಿಂದಿಯಲ್ಲಿ ಅಂಗಲಾಚಿದೆ. "ಮಾಫಿ ಮುಶ್ಕಿಲ್, ಏನೂ ತೊಂದರೆ ಇಲ್ಲ" ಎಂದು ಕೈಯಾಡಿಸಿದ. ತೊಂದರೆ ನನಗಯ್ಯಾ! ಮರುದಿನ ನೋಡಿದರೆ ಬೊಂಬೆಗೆ ನನ್ನದರಂಥದೇ ಕನ್ನಡಕ ಬೇರೆ ಬಂದಿತ್ತು.

"ರೀ, ನೀವಾದ್ರೂ ಹೇಳಬಾರ್ದಾ? ಶುಕ್ರವಾರ ಸೊಹಾರ್‌ನೋರೆಲ್ಲ ಊಟಕ್ಕೆ ಬರ್ತಿದಾರೆ. ನನ್ನ ಮಾನ ಹೋಗುತ್ತೆ."

"ಚೆನ್ನಾಗೇ ಇದೆಯಲ್ಲೇ" ಎಂದರು ನಮ್ಮ ಮಹಾನುಭಾವರು, ನಗು ತಡೆದುಕೊಂಡು. "ನಿಂತಿರೋ ಗತ್ತು ಥೇಟ್ ನಿಂದೇ."

ಈ ಗಂಡಸರನ್ನು ನಂಬಿದರೆ ಕೆಲಸ ಆದ ಹಾಗೇ ಎಂದು ಗುರುವಾರ ನಾನೇ ಹೋದೆ. ಕಿತ್ತೇ ಹಾಕೋಣವೆಂದು ಬೊಂಬೆಯ ಚಾಚಿದ ಕೈ ಹಿಡಿದು ಅಲ್ಲಾಡಿಸುತ್ತಿದ್ದೆ. ಅಷ್ಟರಲ್ಲಿ ಬಸ್ಸು ಬಂತು. ಮಗ ಎದುರು ಬದಿಯಲ್ಲಿ ಇಳಿದು, ನನ್ನನ್ನು ಕಂಡ ಖುಷಿಗೆ ಆಚೀಚೆ ನೋಡದೆ ಓಡಿ ಬಂದ. ತಿರುವಿನಲ್ಲಿ ಟ್ಯಾಂಕರ್. ಊರಿಗೆಲ್ಲ ಕೇಳುವ ನನ್ನ ಗಂಟಲಿಂದ ಆ ಹೊತ್ತು ಸದ್ದೇ ಹೊರಡಲಿಲ್ಲ.

ಟ್ಯಾಂಕರ್ ದೂರದಲ್ಲೇ ನಿಧಾನವಾಗಿತ್ತು. ಡ್ರೈವರ್ ಕಿಟಕಿಯಿಂದ ಕತ್ತು ಹೊರಹಾಕಿ ಕುಕ್ಕರ್ ತಲೆಯನ್ನೇ ದಿಟ್ಟಿಸುತ್ತಿದ್ದ. ಮಗ ಆರಾಮಾಗಿ ದಾಟಿ ಬಂದು, "ಯಾಕಮ್ಮಾ ಅದರ ಕೈ ಹಿಡ್ಕೊಂಡಿದೀಯ?" ಎಂದ.

ಅವನನ್ನು ಅಪ್ಪಿಕೊಂಡು ಅತ್ತೆ, ಬೆನ್ನಿಗೊಂದು ಗುದ್ದನ್ನೂ ಕೊಟ್ಟೆ. ಆಮೇಲೆ ನಾನೇ ಸಡಿಲ ಮಾಡಿದ್ದ ಆ ಕೈಯನ್ನು ತಂತಿ ಸುತ್ತಿ ಬಿಗಿದೆ. ಮನೆಗೆ ಹೋಗಿ ದೂರಕ್ಕೆ ಕಾಣುವಂಥ ಕೆಂಪು ಸೀರೆಯೊಂದನ್ನು ತಂದು ಬಾಬಾನ ಕೈಗಿಟ್ಟೆ.

"ಆ ಮೂಗೊಂದನ್ನ ಚಿಕ್ಕದು ಮಾಡಿ, ಬಾಬಾ. ನಿಮ್ಮ ದಮ್ಮಯ್ಯ."

ಮುದುಕ ಬೊಂಬೆಯನ್ನು ನೋಡಿದ, ನನ್ನನ್ನು ನೋಡಿದ.

"ಚಿಕ್ಕ ಮೂಗಿಗೆ ಯಾರು ಹೆದರ್ತಾರೆ, ತಂಗಿ?" ಎಂದ.