ಆಚಾರರ ಆರು ನಿಮಿಷ

ಊರಿಗೆಲ್ಲ ಗ್ರಹಣದ ಹೊತ್ತು ಹೇಳುವ ಆನಂದತೀರ್ಥಾಚಾರರು ಐವತ್ತೆರಡು ವರ್ಷಗಳಲ್ಲಿ ಒಂದು ಗ್ರಹಣವನ್ನೂ ಕಣ್ಣಾರೆ ಕಂಡವರಲ್ಲ. ಚಿಕ್ಕವರಿದ್ದಾಗ ತಾಯಿ ಸರಸ್ವತೀಬಾಯಿ ಕದ ಹಾಕಿ ಕೂಡಿಸುತ್ತಿದ್ದರು. ದೊಡ್ಡವರಾದ ಮೇಲೆ ಕಮಲಾಪುರದ ಹನುಮಂತನ ಗುಡಿಯ ಪೂಜೆ ಕೊರಳಿಗೆ ಬಿತ್ತು. ಗ್ರಹಣ ಹಿಡಿದಾಗ ಸ್ನಾನ, ಜಪ, ಶಾಂತಿ. ಬಿಟ್ಟಾಗ ಮತ್ತೆ ಸ್ನಾನ, ಗುಡಿ ತೊಳೆಯುವುದು. ಸೂರ್ಯ ಸದಾ ಬೆನ್ನ ಹಿಂದೆ.

ಇಂಥವರಿಗೆ ಫೋಟೋದ ಹುಚ್ಚು ಬೇರೆ. 2027ರ ಆಗಸ್ಟ್ ಎರಡರಂದು ಈಜಿಪ್ಟಿನಲ್ಲಿ ಆರು ನಿಮಿಷ ಪೂರ್ತಿ ಕತ್ತಲಾಗುತ್ತದೆ ಎಂದು ಮೊಬೈಲಿನಲ್ಲಿ ಓದಿದ್ದೇ ತಡ, ಕಲಬುರಗಿಯಿಂದ ಹೊರಡುವ ತಂಡಕ್ಕೆ ತಮ್ಮ ಹೆಸರನ್ನೂ ವಿಜ್ಞಾನದ ಟೀಚರಾದ ಹೆಂಡತಿ ಮಾಧವಿಬಾಯಿಯ ಹೆಸರನ್ನೂ ಬರೆಸಿದರು. ಕಲಬುರಗಿಯ ಜಗತ್ ಸರ್ಕಲ್ಲಿನಲ್ಲಿ ಕ್ಯಾಮರಾ ರಿಪೇರಿ ಮಾಡುವ ಹಮೀದ್ ಲೆನ್ಸಿಗೆ ಸರಿಯಾಗಿ ಕೂಡುವ ಕರಿ ಫಿಲ್ಟರ್ ಮಾಡಿಕೊಟ್ಟರು. ನಡುಹಗಲು ಗುಡಿ ಮುಚ್ಚಿದ ಮೇಲೆ ಆಚಾರರು ಹಿತ್ತಲಲ್ಲಿ ಸ್ಟ್ಯಾಂಡ್ ಊರಿ, ಚೀಟಿಯಲ್ಲಿ ಬರೆದಿಟ್ಟ ಸಾಲುಗಳನ್ನು ಕಣ್ಣು ಮುಚ್ಚಿ ಅಭ್ಯಾಸ ಮಾಡುತ್ತಿದ್ದರು: ಪೂರ್ತಿ ಕತ್ತಲಾದೊಡನೆ ಫಿಲ್ಟರ್ ತೆಗೆಯುವುದು, ಇಷ್ಟು ಜಪಕ್ಕೊಂದು ಫೋಟೋ, ಬೆಳಕು ಬರುವ ಮೊದಲು ಮತ್ತೆ ಫಿಲ್ಟರ್. ಗಡಿಯಾರವೇ ಬೇಕಿರಲಿಲ್ಲ.

ಗುಡಿಯನ್ನು ನೋಡಿಕೊಳ್ಳಲು ತಾಜಸುಲ್ತಾನಪುರದಲ್ಲಿ ಪೂಜೆ ಮಾಡುವ ಚಿಕ್ಕಪ್ಪನ ಮಗ ಬಂಡು ಒಪ್ಪಿದ್ದ. ಇಪ್ಪತ್ತು ವರ್ಷದಿಂದ ಒಬ್ಬರ ಗುಡಿಯನ್ನು ಇನ್ನೊಬ್ಬರು ನೋಡಿಕೊಂಡವರು. ಯುಗಾದಿಗೆ ಹೊಸ ಪಂಚಾಂಗ ಬಂದಾಗ ಗೊತ್ತಾಯಿತು: ಅಂದು ಸಂಜೆ ಇಲ್ಲಿಯೂ ಅರೆಗ್ರಹಣ, ಬಂಡುವಿನ ಗುಡಿಗೂ ಅದೇ ಹೊತ್ತು. ಗ್ರಹಣದ ದಿನ ಬಿಡುವಿರುವ ಆಚಾರರು ಜಿಲ್ಲೆಯಲ್ಲೇ ಸಿಗುವುದಿಲ್ಲ. ಪಂಚಾಂಗ ಹೇಳುವವರೇ ಮೊಬೈಲ್ ನಂಬಿ ಕೆಟ್ಟರು, ನೋಡಿ!

ಗುಡಿಯ ಹಿರಿಯ ಸಾಯಬಣ್ಣ ಬೈಯಲಿಲ್ಲ. ಗ್ರಹಣ ಬಿಟ್ಟ ಮೇಲೆ ಬಾಗಿಲು ತೆಗೆಯುವವರು ಯಾರೆಂದು ಮೆತ್ತಗೆ ಕೇಳಿದರು, ಅಷ್ಟೇ. ಬೈದಿದ್ದರೆ ಜಗಳವಾಡಿಯಾದರೂ ಹೋಗಬಹುದಿತ್ತು. ಆಚಾರರು ತಂಡದಿಂದ ತಮ್ಮ ಹೆಸರು ತೆಗೆಸಿದರು.

ಮಾಧವಿಬಾಯಿ ತಾವೂ ಹೋಗುವುದಿಲ್ಲವೆಂದರು. ಆಚಾರರು ಒಪ್ಪಲಿಲ್ಲ. ಅದೇ ಹಿತ್ತಲಲ್ಲಿ ಹೆಂಡತಿಗೆ ಎಲ್ಲವನ್ನೂ ಕಲಿಸಿದರು. ನಾಲ್ಕನೆಯ ದಿನ ಒಂದೂ ತಪ್ಪಿಲ್ಲದೆ ಮುಗಿಸಿದ ಮಾಧವಿಬಾಯಿ ಬೆವರು ಒರೆಸಿಕೊಂಡು ಕೇಳಿದರು:

"ಆರೂ ನಿಮಿಷ ಕೈಗೆ ಕೆಲಸ ಅದ. ಇದರಾಗ ನೀವು ನೋಡೋದು ಯಾವಾಗ ಇತ್ತರೀ?"

ಆಚಾರರು ತಮ್ಮ ಚೀಟಿ ನೋಡಿದರು. ನೋಡುವುದಕ್ಕೆಂದು ಒಂದು ಜಪದಷ್ಟೂ ಜಾಗ ಬಿಟ್ಟಿರಲಿಲ್ಲ. ಅಷ್ಟು ದೂರ ಹೋಗಿದ್ದರೂ ಗ್ರಹಣ ಕಾಣದೆಯೇ ಮರಳುತ್ತಿದ್ದರು. ಪೆನ್ನು ತೆಗೆದು ನಡುವಿನ ಐದು ಸಾಲು ಹೊಡೆದುಹಾಕಿದರು.

"ಇಲ್ಲಿ ಕ್ಯಾಮರಾ ಮುಟ್ಟಬ್ಯಾಡ. ನೂರಾಎಂಟು ಜಪ ಆಗೋತನಕ ಬರೇ ನೋಡು," ಎಂದರು. "ನಾ ಗುಡಿಯಾಗ ಅದೇ ಹೊತ್ತಿಗೆ ಎಣಿಸ್ಕೋತ ಕೂತಿರ್ತೀನಿ."