ಕಚ್ಚಾ ಹೊಲಿಗೆಯ ಓಟ

ದರ್ಜಿಗೆ ಐವತ್ತೊಂಬತ್ತು. ಊರಿನ ಐದು ಕಿಲೋಮೀಟರ್ ಓಟದಲ್ಲಿ ಆ ವಯಸ್ಸಿಗೊಂದು ಕಟ್ಟಳೆಯಿತ್ತು: ಅರ್ಧ ಗಂಟೆಯೊಳಗೆ ಮುಗಿಸದವರು ಮುಂದಿನ ವರ್ಷದಿಂದ 'ಹಿರಿಯರ ನಡಿಗೆ'ಗೆ. ಅಲ್ಲಿ ಆಗಲೇ ಬೀಗರು ಸೇರಿದ್ದರು. ವಾರಕ್ಕೊಮ್ಮೆ ಅಂಗಡಿಗೆ ಬಂದು, "ಬನ್ನಿ ಬೀಗರೇ, ನಿಮಗೂ ಜಾಗ ಹಿಡಿದಿದ್ದೀನಿ. ಮಧ್ಯೆ ಮಧ್ಯೆ ಬೆಂಚಿದೆ" ಎಂದು ಕರೆಯುತ್ತಿದ್ದರು. ಹೋದ ವರ್ಷ, ಕಟ್ಟಳೆಯ ವಯಸ್ಸು ತುಂಬುವ ಮೊದಲು, ದರ್ಜಿ ತೆಗೆದುಕೊಂಡದ್ದು ಮೂವತ್ತೆರಡು ನಿಮಿಷ.

ಬೇಗ ಓಡಲು ದಾಪುಗಾಲು ಹಾಕಬೇಕೆಂಬುದು ಅವರ ನಂಬಿಕೆ. ಚರಂಡಿ ದಾಟುವವರಂತೆ ಹೆಜ್ಜೆ ಎಸೆಯುತ್ತಿದ್ದರು. ಎರಡು ತಿಂಗಳಲ್ಲಿ ಉಳಿದದ್ದು ಹತ್ತು ಸೆಕೆಂಡು, ಬಂದದ್ದು ಮಂಡಿನೋವು.

"ಮಷೀನಿಗಿಂತ ನಿಮಗೇ ಜಾಸ್ತಿ ಎಣ್ಣೆ ಬೇಕಾಗಿದೆ ರೀ," ಎಂದು ಹೆಂಡತಿ ಮಂಡಿ ಉಜ್ಜಿದರು.

ಶಾಲೆಯಲ್ಲಿ ಆಟ ಕಲಿಸುವ ಮಗಳು ಒಂದು ಬೆಳಿಗ್ಗೆ ಮೈದಾನದ ಪಕ್ಕ ನಿಂತು ನೋಡಿದಳು.

"ಅಪ್ಪಾ, ನಿನ್ನ ಪಾದ ನಿನಗಿಂತ ಮುಂಚೆ ಊರು ಸೇರ್ತಿದೆ. ಹಿಮ್ಮಡಿ ಊರಿ ಪ್ರತಿ ಹೆಜ್ಜೆಗೂ ಬ್ರೇಕ್ ಹಾಕ್ತಿದ್ದೀಯ."

"ಉದ್ದ ಹಾಕದೆ ಬೇಗ ಹೋಗೋದು ಹೇಗಮ್ಮ?"

"ಪ್ಯಾಂಟಿಗೆ ಬರೀ ಕಚ್ಚಾ ಹೊಲಿಗೆ ಹಾಕಿ ಗಿರಾಕಿಗೆ ಕೊಡ್ತೀಯಾ?"

ದರ್ಜಿ ತಿರುಗಿ ತಮ್ಮ ಹೆಜ್ಜೆಗುರುತು ನೋಡಿದರು. ಅಳತೆ ನೋಡಲು ಉದ್ದುದ್ದ ಹಾಕಿ ಆಮೇಲೆ ಕಿತ್ತೆಸೆಯುವ ಹೊಲಿಗೆ ಅದು. ಎರಡು ತಿಂಗಳಿಂದ ಮೈದಾನದ ಸುತ್ತ ಅವರು ಹಾಕುತ್ತಿದ್ದದ್ದೂ ಅದನ್ನೇ.

ಮಾರನೆಯ ದಿನದಿಂದ ಸಣ್ಣ ಹೊಲಿಗೆ. ಪಾದ ಸೊಂಟದ ಕೆಳಗೇ ಬೀಳಬೇಕು, ಬಿದ್ದೊಡನೆ ಏಳಬೇಕು. ಮೈ ಕಣಕಾಲಿನಿಂದಲೇ ತುಸು ಮುಂದಕ್ಕೆ ಬಾಗಬೇಕು. ಲಯ ತಪ್ಪದಿರಲೆಂದು ಬಾಯಲ್ಲಿ ಮಷೀನಿನ ಸದ್ದು: ಟಕಟಕಟಕಟಕ. ಎದುರು ಬಂದವರು ಗಾಬರಿಯಿಂದ ದಾರಿ ಬಿಟ್ಟರು. ಅದರಿಂದಲೂ ನಾಲ್ಕಾರು ಸೆಕೆಂಡು ಉಳಿಯಿತು.

ಓಟದ ದಿನ ಕೊನೆಯ ತಿರುವಿನಲ್ಲಿ ಬೀಗರು ಬೆಂಚಿನಿಂದಲೇ ಕೈಗಡಿಯಾರ ತೋರಿಸಿದರು. ಹಳೆಯ ದಾಪುಗಾಲು ತೊಡೆಯೊಳಗೆ ತುಡಿಯಿತು. ದರ್ಜಿ ತಡೆದುಕೊಂಡು ಇನ್ನಷ್ಟು ಸಣ್ಣಗೆ, ಇನ್ನಷ್ಟು ಬೇಗ ಹೊಲಿಯುತ್ತ ಗೆರೆ ದಾಟಿದರು.

ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ನಲವತ್ತು ವರ್ಷದ ಅಭ್ಯಾಸ ಬಿಡಬೇಕಲ್ಲ. ಹೊಲಿಗೆಯ ತುದಿ ಬಿಚ್ಚದಿರಲೆಂದು ಹಿಂದಕ್ಕೆರಡು ಹಾಕಿ ಮತ್ತೆ ಮುಂದೆ ಹೋಗುವುದು ಅವರ ಪದ್ಧತಿ. ಕಾಲು ತಾನಾಗಿ ಗೆರೆಯ ಹಿಂದಕ್ಕೆ ಬಂದು ಮತ್ತೊಮ್ಮೆ ದಾಟಿತು.

ಸಮಯ ಬರೆಯುವವನು ಪೆನ್ನು ಎತ್ತಿ ಹಿಡಿದ. "ಯಜಮಾನ್ರೇ, ಎರಡು ಸಲ ಬಂದ್ರಿ. ಮೊದಲನೇದು ಇಪ್ಪತ್ತೊಂಬತ್ತು ನಿಮಿಷ ಐವತ್ತೊಂದು ಸೆಕೆಂಡು, ಎರಡನೇದು ಐವತ್ತೇಳು. ಯಾವುದು ಬರ್ಕೊಳ್ಳಲಿ?"

ದರ್ಜಿ ಮಂಡಿ ಹಿಡಿದು ಬಗ್ಗಿ ಉಸಿರು ತೆಗೆದುಕೊಂಡರು.

"ಎರಡನೇದೇ ಬರ್ಕೊಳ್ಳಪ್ಪಾ. ಅದು ಬಿಚ್ಚಲ್ಲ."