ಘಟಸರ್ಪದ ಮುಂದಿನ ವಚನ

ನಮ್ಮ ಶುಕ್ರವಾರದ ಪ್ರಾರ್ಥನಾ ಕೂಟದಲ್ಲಿ ಒಂದು ಪದ್ಧತಿಯಿದೆ. ಸತ್ಯವೇದವನ್ನು, ಅಂದರೆ ಬೈಬಲನ್ನು, ಸರದಿಯ ಪ್ರಕಾರ ಒಬ್ಬೊಬ್ಬರು ಒಂದೊಂದು ವಚನ ಓದುತ್ತೇವೆ. ಯಾರ ಪಾಲಿಗೆ ಯಾವ ವಚನ ಬರುತ್ತದೋ ಅದು ಆ ವಾರ ದೇವರು ಅವರಿಗೇ ಹೇಳಿದ ಮಾತು ಎಂದು ನಂಬಿಕೆ. ಒಳ್ಳೆಯ ವಚನ ಬಂದವರು ಬೀಗುತ್ತಾ ಮನೆಗೆ ಹೋಗುತ್ತಾರೆ. ನನ್ನ ಹಣೆಯಲ್ಲಿ ಹೆಚ್ಚಾಗಿ ಇಂಥವನು ಇಂಥವನ ಮಗ ಎನ್ನುವ ವಂಶಾವಳಿಯೇ ಬರೆದಿತ್ತು.

ಆ ವಾರ ಕೂಟ ಒಂಟಿಕೊಪ್ಪಲಿನ ದೊಡ್ಡಮ್ಮನ ಮನೆಯಲ್ಲಿ. ಓದಬೇಕಾದದ್ದು ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯ ಹನ್ನೆರಡನೇ ಅಧ್ಯಾಯ. ದಟ್ಟಗಳ್ಳಿಯಿಂದ ನನ್ನ ತಂಗಿಯೂ ಬಂದಿದ್ದಳು, ತುಂಬಿದ ಬಸುರಿ. ಹಿಂದಿನ ಸಲ ಹೊಟ್ಟೆಯಲ್ಲೇ ಮಗುವನ್ನು ಕಳೆದುಕೊಂಡಿದ್ದವಳು. ಅವಳ ಸರದಿಗೆ ಬಂದ ವಚನದಲ್ಲಿ ಹೆರಿಗೆಯ ನೋವಿನಲ್ಲಿರುವ ಹೆಂಗಸೊಬ್ಬಳ ಮುಂದೆ ಏಳು ತಲೆಯ ಘಟಸರ್ಪ ನಿಂತಿತ್ತು, ಮಗು ಹುಟ್ಟಿದೊಡನೆ ನುಂಗಲು. ತಂಗಿ ಓದಿ ಮುಗಿಸಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಅಷ್ಟರಲ್ಲಿ ಅಡುಗೆಮನೆಯಿಂದ ಉಪ್ಪಿಟ್ಟಿನ ವಾಸನೆ ಬಂತು. ಕೂಟ ನಡೆಸುತ್ತಿದ್ದ ಸಭೆಯ ಹಿರಿಯರು ಗಡಿಯಾರ ನೋಡಿ, "ಇವತ್ತಿಗೆ ಇಷ್ಟು ಸಾಕು, ಪ್ರಾರ್ಥನೆ ಮಾಡೋಣ" ಎಂದುಬಿಟ್ಟರು.

ಮರುದಿನದಿಂದ ತಂಗಿ ಊಟ ಬಿಟ್ಟಳು. ಗಂಡ ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದ ತೊಟ್ಟಿಲನ್ನು ಮತ್ತೆ ಮೇಲಕ್ಕೆ ಹಾಕಿಸಿದಳು. ದಿನವಿಡೀ ಫೋನಿನಲ್ಲಿ ಯಾವನೋ ಬೋಧಕನ ಅಬ್ಬರ. ಅವನ ಲೆಕ್ಕದಲ್ಲಿ ಘಟಸರ್ಪ ಒಂದು ದೇಶ, ಅದರ ಹಿಂದೆಯೇ ಬರುವ ಮೃಗ ಇನ್ನೊಂದು ದೇಶ, ಅಂತ್ಯ ಬಾಗಿಲಿಗೆ ಬಂದಾಗಿದೆ. ನಾನು ಹಿರಿಯರಿಗೆ ಫೋನ್ ಮಾಡಿ, "ಬಸುರಿ ಹೆಂಗಸಿನ ಕೈಲಿ ಅದನ್ನ ಓದಿಸಿ ಅರ್ಧಕ್ಕೆ ನಿಲ್ಲಿಸಿದ್ರಲ್ಲ, ಸರೀನಾ?" ಎಂದೆ. "ದೇವರ ವಾಕ್ಯ ಕಣಮ್ಮ, ನಾವೇನ್ ಮಾಡೋಕಾಗುತ್ತೆ?" ಎಂದರು. ನನಗೆ ಮೈಯೆಲ್ಲ ಉರಿಯಿತು.

ಸುದ್ದಿ ಕೇಳಿದ ದೊಡ್ಡಮ್ಮ ಆಟೋ ಹತ್ತಿ ದಟ್ಟಗಳ್ಳಿಗೇ ಬಂದರು. ಮಂಡಿನೋವಿನಿಂದ ಚರ್ಚಿನ ಮೆಟ್ಟಿಲನ್ನೇ ಹತ್ತಲಾರದವರು ತಂಗಿಯ ಮಹಡಿ ಮನೆಗೆ ಕಂಬಿ ಹಿಡಿದು ಹತ್ತಿದರು.

"ಮೊದ್ಲು ಆ ಫೋನ್ ಅತ್ಲಾಗಿಡು. ಊಟ ಬುಟ್ಟಿದ್ದೀಯಂತೆ?"

"ನನ್ನ ಪಾಲಿಗೆ ಆ ವಚನಾನೇ ಬಂತಲ್ಲ ದೊಡ್ಡಮ್ಮ."

"ನಿನ್ನ ಪಾಲಿಗೆ ಅಂತ ಯಾರು ಹೇಳಿದ್ದು? ಆ ಕಾಲದಲ್ಲಿ ಚಕ್ರವರ್ತಿ ಕೈಲಿ ಸಿಕ್ಕಿ ನಲುಗ್ತಿದ್ದ ಕ್ರೈಸ್ತ ಸಭೆಗಳಿಗೆ ಬರೆದ ಕಾಗದ ಕಣಮ್ಮ ಅದು. ಒಬ್ಬರು ನಿಂತು ಓದೋರು, ಮಿಕ್ಕೋರು ಪೂರ್ತಿ ಕೇಳೋರು. ಅವರ ಕಣ್ಮುಂದಿದ್ದ ದೊರೆತನಾನೇ ಮೃಗ ಅಂತ ಬರೆದಿದ್ದು. ಧೈರ್ಯ ಹೇಳೋಕೆ ಬರೆದದ್ದನ್ನ ಪಂಚಾಂಗ ಮಾಡ್ಕೊಂಡು ಯಾವತ್ತು ಏನಾಗುತ್ತೆ ಅಂತ ಹುಡುಕಬಾರದು. ತೆಗಿ, ನಿಲ್ಲಿಸಿದ ಕಡೆಯಿಂದ ಓದು."

ತಂಗಿ ಓದಿದಳು. ಮಗು ಹುಟ್ಟುತ್ತದೆ, ಘಟಸರ್ಪದ ಬಾಯಿಗೆ ಸಿಕ್ಕುವುದಿಲ್ಲ, ದೇವರು ಅದನ್ನು ಕಾಪಾಡಿ ತನ್ನ ಸಿಂಹಾಸನದ ಬಳಿಗೆ ಎತ್ತಿಕೊಳ್ಳುತ್ತಾನೆ. ತಾಯಿಗೂ ಅಡವಿಯಲ್ಲಿ ಒಂದು ಜಾಗ ಸಿದ್ಧವಾಗಿರುತ್ತದೆ. ಅವಳ ಮುಖ ಅರಳಿತು. ನನಗಂತೂ ಅಲ್ಲಿಗೇ ಮುಗಿಸಿ ಕಾಫಿಗಿಡೋಣ ಅನ್ನಿಸಿತು. ದೊಡ್ಡಮ್ಮ ಬಿಡಲಿಲ್ಲ. "ಒಳ್ಳೇ ವಚನ ಸಿಕ್ತು ಅಂತ ಇಲ್ಲೇ ನಿಂತ್ರೆ ಅದೂ ಅದೇ ತಪ್ಪು. ಮೊದಲನೇ ಅಧ್ಯಾಯಕ್ಕೆ ಹೋಗಿ."

ಆ ಮಧ್ಯಾಹ್ನವೆಲ್ಲ ಅಕ್ಕತಂಗಿಯರಿಬ್ಬರೂ ಗಟ್ಟಿಯಾಗಿ ಓದಿದೆವು. ದೊಡ್ಡಮ್ಮ ಕಣ್ಣು ಮುಚ್ಚಿ ಕೇಳಿದರು. ಮುದ್ರೆಗಳು, ತುತೂರಿಗಳು, ಬೆಂಕಿ, ರಕ್ತ ಎಲ್ಲವೂ ಬಂದವು. ಚಿಕ್ಕಂದಿನಿಂದ ಆ ಪುಸ್ತಕಕ್ಕೆ ಹೆದರಿದವಳು ನಾನು. ಅದರಲ್ಲಿ ಮತ್ತೆ ಮತ್ತೆ ಹಾಡುತ್ತಾರೆ ಎಂಬುದು ಅಂದೇ ನನ್ನ ಕಿವಿಗೆ ಬಿದ್ದದ್ದು. ಸಂಜೆಯ ಹೊತ್ತಿಗೆ ಕಣ್ಣೀರು ಒರೆಸುವ ದೇವರು, ಬಾಗಿಲು ಮುಚ್ಚದ ಊರು ಬಂದವು.

"ಹಾಗಾದ್ರೆ ನನ್ನ ಮಗು ಉಳಿಯುತ್ತಾ ದೊಡ್ಡಮ್ಮ?"

ಬೇರೆ ಯಾರೇ ಆಗಿದ್ದರೂ ಹೂಂ ಎನ್ನುತ್ತಿದ್ದರು. ನಾನೇ ಎನ್ನುವವಳಿದ್ದೆ.

"ಅದನ್ನ ಈ ಪುಸ್ತಕ ಹೇಳಲ್ಲ ಕಣೇ. ನಾನೂ ಸುಳ್ಳು ಹೇಳಲ್ಲ. ನನ್ನ ಮೊದಲನೇದು ಉಳೀಲಿಲ್ಲ. ಕಡೇಗೆ ಗೆಲ್ಲೋದು ಯಾರು, ಅಲ್ಲೀವರೆಗೂ ನಮ್ಮ ಜೊತೆ ಯಾರಿರ್ತಾರೆ, ಅದನ್ನ ಹೇಳುತ್ತೆ. ನಂಗೆ ಅದು ಸಾಕಾಯ್ತು."

ಚರ್ಚಿನಲ್ಲಿ ಪಾದ್ರಿಗಳ ಎಷ್ಟೋ ಪ್ರಸಂಗ ಕೇಳಿದ್ದೇನೆ, ಇಷ್ಟು ಪ್ರಾಮಾಣಿಕವಾದದ್ದನ್ನು ಕೇಳಿಲ್ಲ. ನನಗೆ ಆಕೆಯ ಕಾಲಿಗೆ ಬೀಳಬೇಕೆನ್ನಿಸಿತು. ತಂಗಿ ಬಹಳ ಹೊತ್ತು ಅತ್ತಳು. ಆಮೇಲೆ ಅನ್ನ ಸಾರು ಕೇಳಿ ಬಡಿಸಿಕೊಂಡಳು.

ದಿನ ತುಂಬಿ ಆಸ್ಪತ್ರೆಗೆ ಸೇರಿಸಿದೆವು. ಹೆರಿಗೆ ಕೋಣೆಯ ಬಾಗಿಲಲ್ಲಿ ತಂಗಿ ದೊಡ್ಡಮ್ಮನ ಕೈ ಹಿಡಿದುಕೊಂಡಳು.

"ಘಟಸರ್ಪ ಇನ್ನೂ ಅಲ್ಲೇ ನಿಂತಿದೆ ಅನ್ಸುತ್ತೆ ದೊಡ್ಡಮ್ಮ."

"ನಿಂತಿರ್ಲಿ ಬುಡು. ನಾನೂ ನಿಂತಿರ್ತೀನಿ."

ಬಾಗಿಲು ಮುಚ್ಚಿತು. ಪಕ್ಕದಲ್ಲೇ ಬೆಂಚು ಖಾಲಿಯಿತ್ತು. ಕೂತ್ಕೊಳ್ಳಿ ಎಂದು ನಾನೂ ಹೇಳಿದೆ, ನರ್ಸೂ ಹೇಳಿದಳು. ಒಳಗಿನಿಂದ ಮಗುವಿನ ಅಳು ಕೇಳಿಸುವವರೆಗೂ ದೊಡ್ಡಮ್ಮ ಕೂರಲಿಲ್ಲ.